ಕ್ಯಾಬಿನ್ ಕಿಂಡಿ: ಅಪ್ಪನ ಕೈಗೆ ರಿಮೋಟು ಬಂದ ಕಥೆ



ಈ ವಾರ ಯಾವ ನಾಯಕನ ಕಾಲ್‌ಶೀಟ್ ಸುದ್ದಿಯೂ ಇಲ್ಲ, ಯಾವ ನಾಯಕಿಯ ಮುನಿಸಿನ ಸಮಾಚಾರವೂ ಇಲ್ಲ. ಬೇಜಾರಾಗಬೇಡಿ. ಒಂದು ತಿಂಗಳಿಂದ ಪತ್ರಿಕೆಯ ವಿಳಾಸಕ್ಕೆ ಒಂದೇ ಥರದ ಕಾಗದಗಳು ಬರುತ್ತಿವೆ. ‘ಸಾರ್, ಮನೇಲಿ ಹಳೇ ಕಂಪ್ಯೂಟರು ಬಿದ್ದಿದೆ. ದೊಡ್ಡ ಟೀವಿ ತಗೊಂಡಿದ್ದೀವಿ. ಅಪ್ಪ ಕೊಂಡಿಟ್ಟಿರೋ ಸೀಡಿಗಳು ಒಂದು ಟ್ರಂಕ್ ತುಂಬ ಇವೆ. ಎಲ್ಲ ಸೇರಿಸಿ ಮನೇಲೇ ಒಂದು ಟಾಕೀಸು ಮಾಡೋದು ಹೇಗೆ? ಲಿನಕ್ಸ್ ಹಾಕಿದ್ರೆ ದುಡ್ಡೇ ಕೊಡಬೇಕಾಗಿಲ್ಲವಂತೆ, ಅದರಲ್ಲಿ ಯಾವ ಸಾಫ್ಟ್‌ವೇರು ಒಳ್ಳೇದು?’ ದಾವಣಗೆರೆಯ ಮಿತ್ರರೊಬ್ಬರಂತೂ, ‘ನಿಮ್ಮ ತಂದೆ ಥಿಯೇಟರ್ ಆಪರೇಟರ್ ಅಂತ ನೀವೇ ಬರೆದಿದ್ರಿ, ನಿಮಗೆ ಗೊತ್ತಿರಲ್ವಾ?’ ಎಂದು ಕಾಲೆಳೆದಿದ್ದಾರೆ.

ಗೊತ್ತಿದೆ ಸ್ವಾಮಿ. ಆದರೆ ಗೊತ್ತಾಗಿದ್ದು ಎರಡು ಸಲ ಮುಖಭಂಗ ಆದ ಮೇಲೆ. ಅದನ್ನೇ ಬರೀತೀನಿ, ಓದಿ.

ನಮ್ಮಪ್ಪ ಹಾಸನ ಜಿಲ್ಲೆಯ ಒಂದು ತಾಲ್ಲೂಕು ಊರಿನ ಟಾಕೀಸಿನಲ್ಲಿ 1984ರಿಂದ ಆಪರೇಟರ್. ಅಕ್ಕಪಕ್ಕ ಎರಡು ಪ್ರೊಜೆಕ್ಟರು, ಒಳಗೆ ಕಾರ್ಬನ್ ಕಡ್ಡಿ ಉರಿಯುವ ಬೆಳಕು, ಬೇಸಿಗೆಯಲ್ಲಿ ಬನಿಯನ್ ಹಿಂಡಿದರೆ ಒಂದು ಲೋಟ ಬೆವರು. ಒಂದು ರೀಲು ಮುಗಿಯುವ ಹೊತ್ತಿಗೆ ಪರದೆಯ ಬಲಗಡೆ ಮೇಲಿನ ಮೂಲೆಯಲ್ಲಿ ಒಂದು ಚುಕ್ಕೆ ಮಿಂಚಿ ಮಾಯವಾಗುತ್ತಿತ್ತಲ್ಲ, ಅದು ನಮಗಲ್ಲ, ಕ್ಯಾಬಿನ್ನಿನಲ್ಲಿ ನಿಂತ ಅಪ್ಪನಿಗೆ. ಮೊದಲ ಚುಕ್ಕೆಗೆ ಎರಡನೇ ಪ್ರೊಜೆಕ್ಟರಿನ ಮೋಟಾರು ಶುರು ಮಾಡಬೇಕು, ಎರಡನೇ ಚುಕ್ಕೆಗೆ ಬೆಳಕು ಬದಲಾಯಿಸಬೇಕು. ಕೆಳಗೆ ಗಾಂಧಿ ಕ್ಲಾಸಿನಲ್ಲಿ ಕೂತವನಿಗೆ ಗೊತ್ತೇ ಆಗಬಾರದು. ಗೊತ್ತಾಯಿತು ಅಂದ್ರೆ ಸೀಟಿ, ಬೈಗುಳ, ಕಡಲೆಕಾಯಿ ಸಿಪ್ಪೆ.

2010ರ ಆಸುಪಾಸಿನಲ್ಲಿ ರೀಲು ಹೋಯಿತು, ಡಿಜಿಟಲ್ ಬಂತು. ಕ್ಯಾಬಿನ್ನಿಗೆ ಒಂದು ಕಂಪ್ಯೂಟರು, ಅದರ ಪಕ್ಕ ಒಂದು ಮೌಸು. ‘ಮೌಸ್ ಒತ್ತೋದಕ್ಕೆ ಇಬ್ಬರು ಯಾಕೆ?’ ಎಂದು ಅಸಿಸ್ಟೆಂಟನ್ನು ಮನೆಗೆ ಕಳಿಸಿದರು. ಅಪ್ಪ ಉಳಿದರು, ಆದರೆ ಆ ಮೌಸಿನ ಮೇಲೆ ಅವರಿಗೆ ಒಂದು ಹಗೆ ಉಳಿಯಿತು. 2020ರ ಮಾರ್ಚಿನಲ್ಲಿ ಕೊರೊನಾ ಅಂತ ಬಾಗಿಲು ಹಾಕಿದ ಟಾಕೀಸು ಮತ್ತೆ ತೆಗೆಯಲೇ ಇಲ್ಲ. ಅಪ್ಪ ಮನೆಗೆ ಬಂದು ಜಗುಲಿ ಮೇಲೆ ಕೂತರು. ದಿನಕ್ಕೆ ನಾಲ್ಕು ಶೋ ಓಡಿಸಿದ ಮನುಷ್ಯ, ಟೀವಿ ಹಾಕಿದರೆ ಹತ್ತು ನಿಮಿಷಕ್ಕೊಂದು ಜಾಹೀರಾತು ಬರುತ್ತೆ ಅಂತ ಎದ್ದುಹೋಗುತ್ತಿದ್ದರು. ‘ನಿಮ್ಮಪ್ಪ ಮಾತೇ ಆಡಲ್ಲ ಕಣೋ’ ಅಂತ ಅವ್ವ ಫೋನಿನಲ್ಲಿ ಹೇಳುವಳು.

ನಾನು ಪಿಯುಸಿ ಅರ್ಧಕ್ಕೇ ಬಿಟ್ಟು ಬೆಂಗಳೂರಿಗೆ ಬಂದವನು. ಕಂಪ್ಯೂಟರ್ ವಿದ್ಯೆ ಏನಿದ್ದರೂ ಬಿದ್ದೂ ಎದ್ದೂ ಕಲಿತದ್ದು. ಎಸ್.ಪಿ. ರೋಡಿನಲ್ಲಿ ಯಾವುದೋ ಆಫೀಸಿನಿಂದ ಹೊರಬಿದ್ದ, ಟಿಫಿನ್ ಬಾಕ್ಸಿನಷ್ಟಿರುವ ಒಂದು ಸೆಕೆಂಡ್ ಹ್ಯಾಂಡ್ ಕಂಪ್ಯೂಟರನ್ನು ಏಳೂವರೆ ಸಾವಿರಕ್ಕೆ ತಗೊಂಡೆ. ಊರಿನ ಟೀವಿಗೆ ಎಚ್‌ಡಿಎಂಐ ವೈರು ಸಿಕ್ಕಿಸಿ, ಎಲ್ಲರೂ ಹಾಕುವಂಥ ಒಂದು ಡೆಸ್ಕ್‌ಟಾಪ್ ಲಿನಕ್ಸ್ ಹಾಕಿ, ಅದರ ಮೇಲೆ ಒಂದು ಪ್ಲೇಯರ್ ಕೂರಿಸಿ, ವೈರಿಲ್ಲದ ಕೀಬೋರ್ಡು, ಮೌಸು ಎರಡನ್ನೂ ಅಪ್ಪನ ಮುಂದೆ ಇಟ್ಟೆ.

ಅಪ್ಪ ಮೌಸನ್ನು ನೋಡಿದರು. ನನ್ನನ್ನು ನೋಡಿದರು. ‘ಇಲ್ಲಿಗೂ ತಂದ್ಯಾ ಇದನ್ನ?’ ಅಂದರು.

ಅದೊಂದೇ ಆಗಿದ್ದರೆ ಸಮಾಧಾನ ಮಾಡಬಹುದಿತ್ತು. ಹತ್ತಡಿ ದೂರದಿಂದ ಪರದೆಯ ಮೇಲಿನ ಅಕ್ಷರ ಇರುವೆ ಸಾಲಿನಂತೆ ಕಾಣುತ್ತಿತ್ತು. ಸೋಫಾದ ದಿಂಬಿನ ಮೇಲೆ ಮೌಸು ಓಡುವುದಿಲ್ಲ. ಕ್ಲೈಮ್ಯಾಕ್ಸ್ ಹೊತ್ತಿಗೆ ಸರಿಯಾಗಿ ‘ಹೊಸ ಅಪ್‌ಡೇಟ್ ಬಂದಿದೆ’ ಅಂತ ಮೂಲೆಯಲ್ಲಿ ಒಂದು ಪೆಟ್ಟಿಗೆ ಎದ್ದು ನಿಂತಿತು. ಅವ್ವ, ‘ಯಾರೋ ಕಾಗದ ಹಾಕವ್ರೆ ನೋಡೋ’ ಅಂದಳು. ಅಪ್ಪ ಎದ್ದು ಜಗುಲಿಗೆ ಹೋದರು. ಇಂಟರ್‌ವಲ್!

ತಪ್ಪು ಲಿನಕ್ಸಿನದ್ದಲ್ಲ, ಪ್ಲೇಯರಿನದ್ದೂ ಅಲ್ಲ. ಅವು ಮೇಜಿನ ಮುಂದೆ ಎರಡಡಿ ದೂರದಲ್ಲಿ ಕೂತವನಿಗಾಗಿ ಮಾಡಿದವು. ಹಾಲ್‌ನಲ್ಲಿ ಕಾಲು ಚಾಚಿ ಕೂತವನಿಗೆ ಬೇರೆಯೇ ಜಾತಿಯ ಸಾಫ್ಟ್‌ವೇರು ಬೇಕು. ಅದಕ್ಕೆ ಬಲ್ಲವರು ‘ಹತ್ತಡಿ ಇಂಟರ್‌ಫೇಸ್’ ಅಂತಾರೆ. ಹತ್ತಡಿ ದೂರದಿಂದ ಓದಲು ಬರಬೇಕು. ಮೇಲೆ, ಕೆಳಗೆ, ಎಡ, ಬಲ, ಓಕೆ, ಬ್ಯಾಕ್, ಈ ಆರು ಗುಂಡಿಯಲ್ಲಿ ಎಲ್ಲ ಕೆಲಸ ಆಗಬೇಕು. ಮೌಸ್ ಅಂತೊಂದು ಪ್ರಾಣಿ ಇದೆ ಅನ್ನೋದೇ ಅದಕ್ಕೆ ಗೊತ್ತಿರಬಾರದು.

ಇನ್ನು ಎರಡನೇ ಮುಖಭಂಗ. ಈ ಸಲ ಬುದ್ಧಿವಂತನಾದೆ ಅಂದುಕೊಂಡೆ. ಮೀಡಿಯಾ ಸರ್ವರ್ ಅಂತ ಒಂದು ಪಂಗಡ ಇದೆ. ಪ್ಲೆಕ್ಸ್, ಎಂಬಿ, ಜೆಲ್ಲಿಫಿನ್ ಇವೆಲ್ಲ ಆ ಪಂಗಡದವು. ಹೋಟೆಲಿನ ಹಾಗೆ ಅಂದುಕೊಳ್ಳಿ: ಅಡುಗೆಮನೆ ಒಂದು ಕಡೆ, ಊಟದ ಟೇಬಲ್ಲುಗಳು ನಾಲ್ಕು ಕಡೆ. ಪಿಕ್ಚರೆಲ್ಲ ಒಂದು ಕಂಪ್ಯೂಟರಿನಲ್ಲಿರುತ್ತೆ, ಅದು ಟೀವಿಗೂ ಬಡಿಸುತ್ತೆ, ಮೊಬೈಲಿಗೂ ಬಡಿಸುತ್ತೆ, ಮಹಡಿ ಮೇಲಿನ ರೂಮಿಗೂ ಬಡಿಸುತ್ತೆ. ಬಡಿಸಿದ್ದು ಜೀರ್ಣವಾಗದ ಸಾಧನವಾದರೆ ಅಲ್ಲೇ ಅರೆದು ಮೆತ್ತಗೆ ಮಾಡಿ ಕೊಡುತ್ತೆ. ಪ್ಲೆಕ್ಸ್ ನೋಡಲು ಅಂದವೇ, ಆದರೆ ಅದರ ಸರ್ವರಿನ ಒಳಗುಟ್ಟು ಬಿಚ್ಚಿಟ್ಟದ್ದಲ್ಲ, ಅವರಲ್ಲಿ ಖಾತೆ ತೆರೆಯಬೇಕು, 2025ರಲ್ಲಿ ಆಜೀವ ಚಂದಾ ದರವನ್ನು 250 ಡಾಲರಿನ ಹತ್ತಿರಕ್ಕೆ ಏರಿಸಿದರು. ಜೆಲ್ಲಿಫಿನ್ ಹಾಗಲ್ಲ. ಎಂಬಿಯವರು ತಮ್ಮ ಕೋಡ್ ಬಾಗಿಲು ಮುಚ್ಚಿದಾಗ, 2018ರ ಡಿಸೆಂಬರಿನಲ್ಲಿ, ಒಪ್ಪದ ಕೆಲವರು ಅದುವರೆಗಿನ ಕೋಡನ್ನು ತಗೊಂಡು ಬೇರೆ ಮನೆ ಮಾಡಿದರು. ಅದೇ ಜೆಲ್ಲಿಫಿನ್. ಪೂರಾ ಉಚಿತ, ಪೂರಾ ಮುಕ್ತ. ನಮ್ಮ ಗಾಂಧಿನಗರದಲ್ಲಿ ನಿರ್ಮಾಪಕರ ಪಾಲುದಾರಿಕೆ ಮುರಿದು ಹೊಸ ಬ್ಯಾನರ್ ಹುಟ್ಟುತ್ತಲ್ಲ, ಹಾಗೆ!

ಸರಿ, ಜೆಲ್ಲಿಫಿನ್ ಹಾಕಿದೆ. ಎಲ್ಲಿ ಹಾಕಿದೆ? ನನ್ನ ಲ್ಯಾಪ್‌ಟಾಪಿನಲ್ಲಿ. ಎರಡು ದಿನ ಭರ್ಜರಿ ಪ್ರದರ್ಶನ. ಸೋಮವಾರ ಬೆಳಿಗ್ಗೆ ಲ್ಯಾಪ್‌ಟಾಪು ಬ್ಯಾಗಿಗೆ ಹಾಕ್ಕೊಂಡು ಬಸ್ ಹತ್ತಿದೆ. ಸಂಜೆ ಅವ್ವನ ಫೋನು. ‘ಟೀವೀಲಿ ಏನೋ ಇಂಗ್ಲಿಷ್ನಲ್ಲಿ ಬರ್ಕೊಂಡೈತೆ, ಪಿಚ್ಚರ್ ಇಲ್ಲ.’ ಇರೋದಾದ್ರೂ ಹೇಗೆ? ಅಡುಗೆಮನೆಯನ್ನೇ ಹೊತ್ತುಕೊಂಡು ಬೆಂಗಳೂರಿಗೆ ಬಂದುಬಿಟ್ಟಿದ್ದೆನಲ್ಲ!

ನಗಬೇಡಿ. ನಿಮ್ಮಲ್ಲಿ ಅರ್ಧ ಜನ ಇದನ್ನೇ ಮಾಡ್ತೀರಿ. ಮನೆಯಲ್ಲಿ ಒಂದೇ ಟೀವಿ, ಒಂದೇ ಹಾರ್ಡ್‌ಡಿಸ್ಕು ಇದ್ದರೆ ಸರ್ವರು ಬೇಕಾಗಿಯೇ ಇಲ್ಲ. ಮೂರು ರೂಮಿನಲ್ಲಿ ಮೂರು ಜನ ಮೂರು ಪಿಕ್ಚರ್ ನೋಡುವ ಮನೆಯಾದರೆ ಜೆಲ್ಲಿಫಿನ್ ಬಂಗಾರ. ನಮ್ಮದು ಅಂಥ ಮನೆಯಲ್ಲ.

ಮೂರನೇ ಸಲ ಹಾಕಿದ್ದು ಕೋಡಿ. ಇವತ್ತಿಗೂ ಅದೇ ಓಡ್ತಾ ಇದೆ.

ಕೋಡಿ ಅಂದರೆ ನಮ್ಮ ಕಡೆ ಕೆರೆ ತುಂಬಿ ಹೆಚ್ಚಾದ ನೀರು ಹರಿದುಹೋಗುವ ಜಾಗ. ಸಿನಿಮಾದವರಿಗೆ ಕೋಡಿ ಅಂದರೆ ನಿರ್ದೇಶಕ ಕೋಡಿ ರಾಮಕೃಷ್ಣ. ಈ ಕೋಡಿಗೂ ಅವೆರಡಕ್ಕೂ ಸಂಬಂಧವಿಲ್ಲ. ಇದರ ಜಾತಕ ಬೇರೆ. ಮೈಕ್ರೋಸಾಫ್ಟಿನವರ ಎಕ್ಸ್‌ಬಾಕ್ಸ್ ಅಂತ ಒಂದು ವಿಡಿಯೊ ಗೇಮ್ ಪೆಟ್ಟಿಗೆ ಇತ್ತು. 2002ರಲ್ಲಿ ಕೆಲವು ಹುಡುಗರು ಅದರ ಬೀಗ ಒಡೆದು, ಆಟದ ಪೆಟ್ಟಿಗೆಯಲ್ಲಿ ಸಿನಿಮಾ ಓಡುವ ಹಾಗೆ ಮಾಡಿದರು. ಎಕ್ಸ್‌ಬಾಕ್ಸ್ ಮೀಡಿಯಾ ಪ್ಲೇಯರ್ ಅಂತ ಹೆಸರಿಟ್ಟರು. ಅದು ಬೆಳೆದು ಎಕ್ಸ್‌ಬಾಕ್ಸ್ ಮೀಡಿಯಾ ಸೆಂಟರ್ ಆಯಿತು, ಲಿನಕ್ಸಿಗೂ ಬಂತು, ಕೊನೆಗೆ 2014ರಲ್ಲಿ ಕೋಡಿ ಅಂತ ನಾಮಕರಣವಾಯಿತು. ಈ ಕಥೆ ಯಾಕೆ ಹೇಳಿದೆ ಅಂದರೆ, ಆ ಗೇಮ್ ಪೆಟ್ಟಿಗೆಗೆ ಮೌಸ್ ಇರಲಿಲ್ಲ, ಕೈಯಲ್ಲಿ ಹಿಡಿಯುವ ಒಂದು ಗುಂಡಿ ಹಲಗೆ ಅಷ್ಟೆ. ನೆನಪಿನ ಶಕ್ತಿ ಬರೀ 64 ಎಂಬಿ. ಮೌಸಿಲ್ಲದ ಮನೆಯಲ್ಲಿ, ಬಡತನದಲ್ಲಿ ಹುಟ್ಟಿದ ಕೂಸು. ಅದಕ್ಕೇ ಹಾಲ್‌ನಲ್ಲಿ ಹೇಗಿರಬೇಕು ಅನ್ನೋದು ಅದಕ್ಕೆ ಹುಟ್ಟುಗುಣ. ಡೆಸ್ಕ್‌ಟಾಪಿನಲ್ಲಿ ಹುಟ್ಟಿದ ಪ್ಲೇಯರುಗಳಿಗೆ ಆಮೇಲೆ ಎಷ್ಟು ಬಣ್ಣ ಬಳಿದರೂ ಆ ಗುಣ ಬರಲಿಲ್ಲ.

ಆದರೆ ಡೆಸ್ಕ್‌ಟಾಪ್ ಲಿನಕ್ಸಿನ ಮೇಲೆ ಕೋಡಿ ಹಾಕಬೇಡಿ. ಕೆಳಗೆ ಅದೇ ಅಪ್‌ಡೇಟ್ ಪೆಟ್ಟಿಗೆ ಕಾದು ಕೂತಿರುತ್ತೆ. ಲಿಬ್ರೆಎಲೆಕ್ ಅಂತ ಒಂದಿದೆ. ಕೋಡಿ ಓಡುವುದಕ್ಕೆ ಎಷ್ಟು ಬೇಕೋ ಅಷ್ಟೇ ಲಿನಕ್ಸು, ಒಂದು ತೊಟ್ಟು ಹೆಚ್ಚಿಲ್ಲ. ಸ್ವಿಚ್ ಹಾಕಿದರೆ ನೇರ ಕೋಡಿ. 2016ರಲ್ಲಿ ಓಪನ್‌ಎಲೆಕ್ ಅನ್ನೋದರಿಂದ ಒಡೆದು ಬಂದ ತಂಡ ಇದು (ಇಲ್ಲೂ ಅದೇ ಪಾಲುದಾರಿಕೆ ಕಥೆ!). 2024ರಲ್ಲಿ ಬಂದ ಅದರ 12ನೇ ಆವೃತ್ತಿಯಲ್ಲಿ ಇರುವುದು ಕೋಡಿ 21.

ನಮ್ಮ ಹಳ್ಳಿ ಕಡೆಗೆ ಇದು ಯಾಕೆ ಸರಿ ಅಂದರೆ, ಕರೆಂಟು. ಹೋದರೆ ಹೇಳಿ ಹೋಗುವುದಿಲ್ಲ, ಬಂದರೆ ಹೇಳಿ ಬರುವುದಿಲ್ಲ. ಡೆಸ್ಕ್‌ಟಾಪ್ ಕಂಪ್ಯೂಟರನ್ನು ಹೀಗೆ ಹತ್ತು ಸಲ ದಬಕ್ಕನೆ ಆರಿಸಿದರೆ ಒಂದು ದಿನ ಏಳಲ್ಲ ಅಂತ ಮಲಗಿಬಿಡುತ್ತೆ. ಲಿಬ್ರೆಎಲೆಕ್ ತನ್ನ ಮೂಲ ಸಾಮಾನನ್ನೆಲ್ಲ ಓದಲು ಮಾತ್ರ ಬರುವ, ಬರೆಯಲು ಬಾರದ ಒಂದು ಕಟ್ಟಿನಲ್ಲಿ ಇಟ್ಟಿರುತ್ತೆ. ನಿಮ್ಮ ಪಿಕ್ಚರು, ಸೆಟ್ಟಿಂಗು ಬೇರೆ ಭಾಗದಲ್ಲಿ. ಕರೆಂಟು ಹೋದರೆ ಆ ಮೂಲ ಕಟ್ಟು ಕೆಡುವ ಭಯ ಬಹಳ ಕಮ್ಮಿ. ಇನ್ನೊಂದು ಕೆಲಸ ಮಾಡಿ: ಕಂಪ್ಯೂಟರಿನ ಬಯಾಸ್ ಒಳಗೆ ಹೋಗಿ ‘ಕರೆಂಟು ಬಂದ ಕೂಡಲೇ ತಾನೇ ಶುರುವಾಗು’ ಅನ್ನುವ ಅರ್ಥದ ಒಂದು ಆಯ್ಕೆ ಇರುತ್ತೆ, ಅದನ್ನು ಹಾಕಿಬಿಡಿ. ಜೊತೆಗೆ ಒಂದು ಎಚ್ಚರಿಕೆ. ಲಿಬ್ರೆಎಲೆಕ್ ಕೂರಿಸುವಾಗ ಆ ಡಿಸ್ಕಿನಲ್ಲಿರೋದೆಲ್ಲ ಅಳಿಸಿಹೋಗುತ್ತೆ. ತಂಗಿ ಮದುವೆ ಫೋಟೊ ಇದ್ದರೆ ಮೊದಲು ಬೇರೆ ಕಡೆ ತೆಗೆದಿಡಿ. ಆಮೇಲೆ ನನಗೆ ಶಾಪ ಹಾಕಿ ಕಾಗದ ಬರೀಬೇಡಿ!

ಈಗ ರಿಮೋಟಿನ ವಿಚಾರ. ರಾಸ್ಪ್‌ಬೆರಿ ಪೈ ಅಂತ ಅಂಗೈಯಗಲದ ಕಂಪ್ಯೂಟರ್ ಬೋರ್ಡ್ ಇದೆಯಲ್ಲ, ಅದರಲ್ಲಿ ಒಂದು ಸುಖ ಇದೆ. ಎಚ್‌ಡಿಎಂಐ ವೈರಿನಲ್ಲೇ ಟೀವಿ ರಿಮೋಟಿನ ಸಂಕೇತವೂ ಹರಿದು ಬರುತ್ತೆ, ಸಿಇಸಿ ಅಂತಾರೆ ಅದನ್ನ. ಟೀವಿಯ ರಿಮೋಟಿನಲ್ಲೇ ಕೋಡಿ ಕುಣಿಯುತ್ತೆ. ಆದರೆ ಮಾಮೂಲಿ ಕಂಪ್ಯೂಟರುಗಳಲ್ಲಿ ಬಹುತೇಕ ಈ ಸೌಲಭ್ಯ ಇಲ್ಲ. ಬೇರೆ ಅಡಾಪ್ಟರ್ ತರಬೇಕು, ದುಬಾರಿ. ನಾನು ತಂದದ್ದು ಯುಎಸ್‌ಬಿ ರಿಸೀವರ್ ಜೊತೆ ಬರುವ ಒಂದು ಸಾದಾ ರಿಮೋಟು. ಕಂಪ್ಯೂಟರಿನ ಲೆಕ್ಕಕ್ಕೆ ಅದು ಕೀಬೋರ್ಡೇ, ಅಪ್ಪನ ಲೆಕ್ಕಕ್ಕೆ ರಿಮೋಟು. ಮೊಬೈಲನ್ನೇ ರಿಮೋಟು ಮಾಡುವ ಕೋರೆ ಅನ್ನೋ ಆಪ್ ಕೋಡಿಯವರೇ ಕೊಡುತ್ತಾರೆ. ನಿಮಗೆ, ನನಗೆ ಸರಿ. ಅಪ್ಪನಿಗೆ ಬೇಡ. ಕತ್ತಲಲ್ಲಿ ಬೆರಳು ತಡಕಿದರೆ ಗುಂಡಿ ಸಿಗಬೇಕು ಅವರಿಗೆ.

ಅಷ್ಟಕ್ಕೇ ಮುಗಿಯಲಿಲ್ಲ. ಕೋಡಿಯ ಮುಖಪುಟದಲ್ಲಿ ಹವಾಮಾನ, ರೇಡಿಯೊ, ಗೇಮ್ಸು, ಫೋಟೊ ಅಂತ ಜಾತ್ರೆ ಅಂಗಡಿ ಥರ ಸಾಲು ಸಾಲು ಇರುತ್ತೆ. ಸ್ಕಿನ್ನಿನ ಸೆಟ್ಟಿಂಗಿನಲ್ಲಿ ‘ಮುಖ್ಯ ಮೆನು’ ಅನ್ನುವಲ್ಲಿಗೆ ಹೋಗಿ ಒಂದೊಂದನ್ನೇ ಮುಚ್ಚಿದೆ. ‘ಮೂವೀಸ್’ ಒಂದೇ ಉಳಿಸಿದೆ. ಸೆಟ್ಟಿಂಗಿಗೆ ಬೀಗ ಹಾಕಿದೆ, ಅದಕ್ಕೆ ಮಾಸ್ಟರ್ ಲಾಕ್ ಅಂತ ಇದೆ. ಅವ್ವನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ, ಆದರೆ ಪೋಸ್ಟರ್ ಓದಲು ಬರುತ್ತೆ. ಅವಳ ಕಾಲದಲ್ಲಿ ಸಂತೆ ಗೋಡೆಯ ಪೋಸ್ಟರ್ ನೋಡಿಯೇ ತಾನೇ ಪಿಕ್ಚರಿಗೆ ಹೋಗುತ್ತಿದ್ದದ್ದು! ಕೋಡಿಯೂ ಪೋಸ್ಟರ್ ಅಂಟಿಸಿದ ಗೋಡೆಯೇ. ಬಾಣದ ಗುಂಡಿಯಲ್ಲಿ ಸರಿಸಿಕೊಂಡು ಹೋಗಿ ಬೇಕಾದ ಪೋಸ್ಟರಿನ ಮೇಲೆ ಓಕೆ ಒತ್ತಿದರೆ ಆಟ ಶುರು.

ಈ ಪೋಸ್ಟರ್ ವಿಷಯದಲ್ಲಿ ಒಂದು ಯಡವಟ್ಟಾಯಿತು, ಕೇಳಿ. ಫೈಲಿನ ಹೆಸರು ನೋಡಿ ಅಂತರ್ಜಾಲದಿಂದ ಪೋಸ್ಟರನ್ನು ಕೋಡಿ ತಾನೇ ತರಿಸುತ್ತೆ. ನಾನು ‘ನಾಗರಹಾವು’ ಅಂತ ಮಾತ್ರ ಹೆಸರಿಟ್ಟಿದ್ದೆ. ಅದಕ್ಕೇನು ಗೊತ್ತು ಪಾಪ! ಪುಟ್ಟಣ್ಣ ಕಣಗಾಲರ 1972ರ ನಾಗರಹಾವು ಇದೆ, ಉಪೇಂದ್ರರ 2002ರ ನಾಗರಹಾವು ಇದೆ, 2016ರಲ್ಲಿ ಬಂದದ್ದೂ ಇದೆ (ಅದರ ನಿರ್ದೇಶಕರೇ ಆ ಕೋಡಿ ರಾಮಕೃಷ್ಣ, ನೋಡಿ ಕಾಕತಾಳೀಯ!). ಚಾಮಯ್ಯ ಮೇಷ್ಟ್ರು ಇರಬೇಕಾದ ಕಡೆ ಗ್ರಾಫಿಕ್ಸಿನ ಹಾವು ಹೆಡೆ ಎತ್ತಿ ನಿಂತಿತ್ತು. ಅಪ್ಪ, ‘ಪೋಸ್ಟರ್ ಅಂಟಿಸೋ ಹುಡುಗ ಕುಡಿದು ಬಂದವ್ನಾ?’ ಅಂದರು. ಮದ್ದು ಸುಲಭ. ಫೈಲಿನ ಹೆಸರಿನ ಮುಂದೆ ಆವರಣದಲ್ಲಿ ಇಸವಿ ಹಾಕಿ. ಗಂಧದ ಗುಡಿಗೂ ಹಾಗೇ. 1973ರದ್ದು ಅಣ್ಣಾವ್ರದ್ದು, 2022ರದ್ದು ಅಪ್ಪು ಅವರದ್ದು. ಇಸವಿ ತಪ್ಪಿದರೆ ಅಪ್ಪ ಮಗ ಅದಲು ಬದಲಾಗುತ್ತಾರೆ.

ಕಸ್ತೂರಿ ನಿವಾಸದ ವಿಷಯ ಇನ್ನೂ ಸ್ವಾರಸ್ಯ. 1971ರಲ್ಲಿ ಕಪ್ಪು ಬಿಳುಪು, 2014ರಲ್ಲಿ ಬಣ್ಣ ಬಳಿದುಕೊಂಡು ಮತ್ತೆ ತೆರೆಗೆ ಬಂತು. ನಿಮ್ಮ ಹತ್ತಿರ ಎರಡೂ ಇದ್ದರೆ, ಕೋಡಿ 21ರಲ್ಲಿ ಒಂದೇ ಪೋಸ್ಟರಿನ ಕೆಳಗೆ ಎರಡು ಆವೃತ್ತಿ ಇಡಬಹುದು. ಅಪ್ಪನ ಮಟ್ಟಿಗೆ ಇದು ಬೇಡದ ಸೌಲಭ್ಯ. ‘ನಾನು ಓಡಿಸಿದ್ದು ಕಪ್ಪು ಬಿಳುಪೇ. ಅದನ್ನೇ ಹಾಕು.’

ಈಗ ಬಂದೆ ನೋಡಿ ನಿಜವಾದ ವಿಷಯಕ್ಕೆ. ಎಲ್ಲ ಸರಿಹೋಯಿತು, ರಿಮೋಟು ಅಪ್ಪನ ಕೈಗೆ ಬಂತು, ಮೌಸಿಲ್ಲ ಅಂತ ಅವರಿಗೂ ಸಮಾಧಾನ. ಒಂದು ಪಿಕ್ಚರ್ ಹಾಕಿದರು. ಐದು ನಿಮಿಷ ನೋಡಿದರು. ‘ಪಿಕ್ಚರ್ ಎಳೀತಾ ಇದೆ’ ಅಂದರು.

ನನಗೆ ಏನೂ ಕಾಣಲಿಲ್ಲ. ‘ಚೆನ್ನಾಗೇ ಇದೆಯಲ್ಲಪ್ಪಾ?’

‘ಕ್ಯಾಮೆರಾ ಪಕ್ಕಕ್ಕೆ ತಿರುಗುವಾಗ ನೋಡೋ. ಗೇಟು ಸಡಿಲ ಆದ ಪ್ರೊಜೆಕ್ಟರ್ ಥರ ತಡವರಿಸ್ತಾ ಇದೆ. ನಿನಗೆ ಕಾಣಲ್ಲ. ನಾನು ಮೂವತ್ತು ವರ್ಷ ಕಿಂಡಿಯಿಂದ ನೋಡಿದ್ದೀನಿ.’

ಅವರು ಹೇಳಿದ್ದೇ ಸತ್ಯ. ಫಿಲಂ ಅನ್ನೋದು ಸೆಕೆಂಡಿಗೆ 24 ಚಿತ್ರ. ಟೀವಿ ಸಾಮಾನ್ಯವಾಗಿ ಸೆಕೆಂಡಿಗೆ 60 ಸಲ ಮಿನುಗುತ್ತೆ. 60ನ್ನು 24ರಿಂದ ಭಾಗಿಸಿ ನೋಡಿ, ಎರಡೂವರೆ ಬರುತ್ತೆ. ಅರ್ಧ ಚಿತ್ರ ತೋರಿಸಲು ಆಗುತ್ತಾ? ಹಾಗಾಗಿ ಒಂದು ಚಿತ್ರವನ್ನು ಎರಡು ಸಲ, ಮುಂದಿನದನ್ನು ಮೂರು ಸಲ, ಮತ್ತೆ ಎರಡು, ಮತ್ತೆ ಮೂರು. ಕುಂಟನ ನಡಿಗೆ! ನಾಯಕ ನಿಂತು ಡೈಲಾಗ್ ಹೊಡೆಯುವಾಗ ಗೊತ್ತಾಗೋದಿಲ್ಲ. ಕುದುರೆ ಓಡುವಾಗ, ಕ್ಯಾಮೆರಾ ಬೆಟ್ಟದ ಸಾಲಿನ ಮೇಲೆ ನಿಧಾನವಾಗಿ ಸರಿಯುವಾಗ ಜರ್ಕು ಹೊಡೆಯುತ್ತೆ. ಅಪ್ಪನ ಪ್ರೊಜೆಕ್ಟರಿನಲ್ಲಿ ಈ ತೊಂದರೆಯೇ ಇರಲಿಲ್ಲ. ಪ್ರತಿ ಚಿತ್ರದ ಮೇಲೂ ಶಟರು ಎರಡು ಸಲ ಬೆಳಕು ಬಿಡುತ್ತಿತ್ತು, ಎಲ್ಲಕ್ಕೂ ಒಂದೇ ಲೆಕ್ಕ.

ಕೋಡಿಯಲ್ಲಿ ಇದಕ್ಕೆ ಮದ್ದಿದೆ, ಆದರೆ ಮೊದಲಿಗೆ ಅದು ಆಫ್ ಆಗಿರುತ್ತೆ. ಸೆಟ್ಟಿಂಗ್ಸ್, ಪ್ಲೇಯರ್, ವಿಡಿಯೋಸ್ ಅಂತ ಹೋದರೆ ‘ಅಡ್ಜಸ್ಟ್ ಡಿಸ್‌ಪ್ಲೇ ರಿಫ್ರೆಶ್ ರೇಟ್’ ಅಂತ ಒಂದು ಸಾಲು. ಅದನ್ನು ‘ಆನ್ ಸ್ಟಾರ್ಟ್/ಸ್ಟಾಪ್’ಗೆ ಹಾಕಿ. ಪಿಕ್ಚರ್ ಶುರುವಾದ ಕೂಡಲೇ ಕೋಡಿ ಫೈಲನ್ನು ನೋಡಿ ಟೀವಿಯ ವೇಗವನ್ನೇ ಬದಲಿಸುತ್ತೆ. ಫೈಲು 24 ಆದರೆ ಟೀವಿ 24, ವೀಸೀಡಿಯದ್ದು 25 ಆದರೆ ಟೀವಿ 50. ಬದಲಾಗುವಾಗ ಒಂದೆರಡು ಸೆಕೆಂಡು ಪರದೆ ಕಪ್ಪಾಗುತ್ತೆ, ಹೆದರಬೇಡಿ. ಆ ಕಪ್ಪಿನಲ್ಲಿ ಟೈಟಲ್ ಮ್ಯೂಸಿಕ್ ನುಂಗಿಹೋಗಬಾರದು ಅಂದರೆ ಸಿಸ್ಟಮ್, ಡಿಸ್‌ಪ್ಲೇ ಒಳಗಿರುವ ‘ಡಿಲೇ’ಗೆ ಎರಡೋ ಮೂರೋ ಸೆಕೆಂಡು ಕೊಡಿ. ಡೆಸ್ಕ್‌ಟಾಪ್ ಮೇಲೆ ಕೋಡಿ ಬೇಡ ಅಂದೆನಲ್ಲ, ಅದಕ್ಕೆ ಇದೂ ಒಂದು ಕಾರಣ. ಈಗಿನ ವೇಲ್ಯಾಂಡ್ ಡೆಸ್ಕ್‌ಟಾಪಿನಲ್ಲಿ ಟೀವಿ ವೇಗದ ಯಜಮಾನಿಕೆ ಡೆಸ್ಕ್‌ಟಾಪಿನದ್ದೇ, ಕೋಡಿ ಕೇಳಿದರೂ ಬಿಟ್ಟುಕೊಡಲ್ಲ. ಲಿಬ್ರೆಎಲೆಕ್‌ನಲ್ಲಿ ಮನೆಗೆ ಕೋಡಿಯೇ ಯಜಮಾನ.

ಸೆಟ್ಟಿಂಗು ಹಾಕಿ ಅದೇ ದೃಶ್ಯ ಮತ್ತೆ ತೋರಿಸಿದೆ. ಅಪ್ಪ ಏನೂ ಹೇಳಲಿಲ್ಲ. ಆದರೆ ಎದ್ದು ಹೋಗಲೂ ಇಲ್ಲ. ಇಂಟರ್‌ವಲ್ ದಾಟಿತು, ಕ್ಲೈಮ್ಯಾಕ್ಸ್ ದಾಟಿತು, ‘ಶುಭಂ’ ಬಂತು. ಆಮೇಲೆ, ‘ಗೇಟು ಬಿಗಿ ಆಯ್ತು’ ಅಂದರು. ನಾಲ್ಕು ವರ್ಷದಲ್ಲಿ ಅವರು ಕುಳಿತಲ್ಲಿಂದ ಏಳದೆ ನೋಡಿದ ಮೊದಲ ಪಿಕ್ಚರು ಅದು.

ಅವರಿಗೆ ಇದಕ್ಕಿಂತ ಖುಷಿಯಾದದ್ದು ಇನ್ನೊಂದು. ನಮ್ಮ ಟ್ರಂಕಿನಲ್ಲಿರೋದು ಹೆಚ್ಚಿನಂಶ ವೀಸೀಡಿಗಳು, ಬಸ್ ಸ್ಟ್ಯಾಂಡಿನಲ್ಲಿ ದುಡ್ಡು ಕೊಟ್ಟು ತಗೊಂಡವು. ವೀಸೀಡಿಗೆ ಕಾಪಿ ಬೀಗ ಇಲ್ಲ, ಹಾರ್ಡ್‌ಡಿಸ್ಕಿಗೆ ಸುಲಭವಾಗಿ ಇಳಿಸಿಕೊಳ್ಳಬಹುದು. ಡೀವೀಡಿಯಾದರೆ ಡ್ರೈವಿಗೆ ಹಾಕಿ ನೇರ ಕೋಡಿಯಲ್ಲೇ ನೋಡಿ. ವೀಸೀಡಿಯ ಕಷ್ಟ ಏನಪ್ಪಾ ಅಂದರೆ ಒಂದು ಪಿಕ್ಚರು ಎರಡು ಮೂರು ಸೀಡಿಯಲ್ಲಿ ಹಂಚಿಹೋಗಿರುತ್ತೆ. ಫೈಲುಗಳಿಗೆ ಒಂದೇ ಹೆಸರಿಟ್ಟು ಕೊನೆಯಲ್ಲಿ ಇಂಗ್ಲಿಷಿನಲ್ಲಿ ‘ಸಿಡಿ1’, ‘ಸಿಡಿ2’ ಅಂತ ಸೇರಿಸಿ ನೋಡಿ. ಕೋಡಿ ಎರಡನ್ನೂ ಒಂದೇ ಪೋಸ್ಟರಿನಡಿ ತಂದು, ಮೊದಲನೇದು ಮುಗಿದ ಕೂಡಲೇ ತಾನೇ ಎರಡನೇದು ಶುರು ಮಾಡುತ್ತೆ. ಮೊದಲ ಸಲ ಇದನ್ನು ನೋಡಿದಾಗ ಅಪ್ಪ ಸೋಫಾದಲ್ಲಿ ಮುಂದಕ್ಕೆ ಬಾಗಿದರು. ‘ಚೇಂಜ್ ಓವರ್ ಮಾಡ್ತಾ ಇದೆ ಕಣೋ!’ ಅವ್ವನನ್ನು ಅಡುಗೆಮನೆಯಿಂದ ಕರೆದು ತೋರಿಸಿದರು. ಅವಳಿಗೆ ಏನು ನೋಡಬೇಕು ಅಂತಲೇ ತಿಳಿಯಲಿಲ್ಲ!

ವೀಸೀಡಿಯ ಚಿತ್ರ ದೊಡ್ಡ ಟೀವಿಯಲ್ಲಿ ಮಸುಕು ಮಸುಕೇ, ಅಡ್ಡಕ್ಕೆ 352 ಚುಕ್ಕೆ ಇರುವ ಚಿತ್ರದಿಂದ ಇನ್ನೇನು ನಿರೀಕ್ಷಿಸ್ತೀರಿ? ಆದರೆ ದಯವಿಟ್ಟು ಪರದೆ ತುಂಬಲಿ ಅಂತ ಹಿಗ್ಗಿಸಬೇಡಿ. ಚೌಕದ ಪಿಕ್ಚರನ್ನು ಅಗಲ ಟೀವಿಗೆ ಎಳೆದರೆ ಕಲ್ಪನಾ ಕೂಡ ಪೈಲ್ವಾನ್ ಥರ ಕಾಣುತ್ತಾರೆ. ಎರಡೂ ಪಕ್ಕ ಕಪ್ಪು ಪಟ್ಟಿ ಇರಲಿ ಬಿಡಿ.

ಅವ್ವನದ್ದೂ ಒಂದು ದೂರು ಇತ್ತು: ಹೊಸ ಪಿಕ್ಚರುಗಳಲ್ಲಿ ಫೈಟಿಂಗ್ ಕಿವಿ ಕಿತ್ತುಹೋಗೋ ಹಾಗೆ, ಮಾತು ಪಿಸುಮಾತು. ಟೀವಿಯಲ್ಲಿರೋದು ಎರಡೇ ಸ್ಪೀಕರು, ನಾನು ಕೋಡಿಗೆ 5.1 ಅಂತ ಸುಳ್ಳು ಹೇಳಿದ್ದೆ. ಮಾತು ಇರೋದು ನಡುವಿನ ಸ್ಪೀಕರಿನಲ್ಲಿ, ನಮ್ಮ ಮನೆಯಲ್ಲಿ ಅದು ಇಲ್ಲವೇ ಇಲ್ಲ! ಸಿಸ್ಟಮ್, ಆಡಿಯೋ ಒಳಗೆ ಚಾನೆಲ್ ಸಂಖ್ಯೆ 2.0 ಮಾಡಿದೆ. ಮಾತು ವಾಪಸ್ ಬಂತು.

ಉಳಿದವನ್ನು ಬೇಗ ಹೇಳಿ ಮುಗಿಸ್ತೀನಿ. ಮಿಥ್‌ಟಿವಿ ಅಂತ 2002ರಿಂದ ಇರುವ ಹಿರಿಯರೊಬ್ಬರು ಇದ್ದಾರೆ. ಟೀವಿ ಕಾರ್ಯಕ್ರಮ ರೆಕಾರ್ಡ್ ಮಾಡೋದರಲ್ಲಿ ನಿಸ್ಸೀಮರು. ಆದರೆ ನಮ್ಮಲ್ಲಿ 2012ರಿಂದ ಹಂತ ಹಂತವಾಗಿ ಕೇಬಲ್ಲು ಡಿಜಿಟಲ್ ಆಗಿ ಸೆಟ್‌ಟಾಪ್ ಬಾಕ್ಸಿನ ಬೀಗದೊಳಗೆ ಹೋಯಿತು, ಅವರಿಗೆ ಇಲ್ಲಿ ಕೆಲಸವಿಲ್ಲ. ಪ್ಲಾಸ್ಮಾ ಬಿಗ್‌ಸ್ಕ್ರೀನ್ ಅಂತ ಕೆಡಿಇಯವರು 2020ರಲ್ಲಿ ಒಂದು ಹೊಸ ಮುಖವನ್ನು ಪರಿಚಯಿಸಿದರು. ನಾನಾದರೆ ಸದ್ಯ ಅಪ್ಪನ ಮುಂದೆ ಇಡಲಾರೆ. ಓಟಿಟಿ ಕೇಳ್ತೀರಾ? ಅಲ್ಲಿ ಲಿನಕ್ಸ್ ಕಂಪ್ಯೂಟರು ಕೈಕಟ್ಟಿ ಕೂರಬೇಕು. ಬೀಗದ ಮೇಲ್ದರ್ಜೆಯ ಕೀಲಿಯನ್ನು ಆ ಕಂಪನಿಗಳು ಲಿನಕ್ಸ್ ಕಂಪ್ಯೂಟರಿಗೆ ಕೊಡೋದಿಲ್ಲ, 4ಕೆ ಸಿಗೋದಿಲ್ಲ. ಅದನ್ನು ಟೀವಿಯ ಆಪಿನಲ್ಲೇ ನೋಡಿ, ಜಗಳ ಬೇಡ. ಇನ್ನು ‘ಎಲ್ಲ ಹೊಸ ಪಿಕ್ಚರೂ ಫ್ರೀ’ ಅಂತ ಕೋಡಿಗೆ ಏನೇನೋ ತುಂಬಿ ಮಾರೋರು ಸಿಗುತ್ತಾರೆ. ಕೋಡಿ ತನ್ನ ಜೊತೆ ಒಂದು ಪಿಕ್ಚರನ್ನೂ ಕೊಡುವುದಿಲ್ಲ, ಅದನ್ನು ಮಾಡಿದವರೇ ಆ ಕಳ್ಳ ಸರಕಿಗೆ ವಿರುದ್ಧ. ನಮ್ಮೂರ ಟಾಕೀಸಿನ ಬಾಗಿಲು ಹಾಕಿಸಿದ್ದರಲ್ಲಿ ಕಳ್ಳ ಪ್ರತಿಯ ಪಾಲೂ ಇದೆ ಅಂತ ಅಪ್ಪ ನಂಬಿದ್ದಾರೆ. ಆ ಮನುಷ್ಯನ ಮುಂದೆ ಅದನ್ನು ಹಾಕೋ ಧೈರ್ಯ ನನಗಿಲ್ಲ.

ಕಂಪ್ಯೂಟರ್ ತಗೊಳ್ಳುವವರಿಗೆ ಒಂದು ಮಾತು. ಇಂಟೆಲ್ ಆದರೆ ಏಳನೇ ತಲೆಮಾರು ಅಥವಾ ಮುಂದಿನದು ಹುಡುಕಿ, ಈಗಿನ 10 ಬಿಟ್ ಎಚ್‌ಇವಿಸಿ ಫೈಲುಗಳನ್ನು ಅದು ತನ್ನ ಚಿಪ್ಪಿನಲ್ಲೇ ಬಿಡಿಸುತ್ತೆ, ಫ್ಯಾನು ಹಿಟ್ಟಿನ ಗಿರಣಿ ಥರ ಕೂಗೋದಿಲ್ಲ. 4 ಜಿಬಿ ಮೆಮೊರಿ ಧಾರಾಳ. ಎನ್ವಿಡಿಯಾ ಕಾರ್ಡ್ ಇರುವವರು ಲಿಬ್ರೆಎಲೆಕ್ 12ರಲ್ಲಿ ‘ಜೆನೆರಿಕ್ ಲೆಗಸಿ’ ಅನ್ನೋ ಪ್ರತಿಯನ್ನೇ ಇಳಿಸಿಕೊಳ್ಳಬೇಕು.

ಈಗ ನಮ್ಮ ಮನೆಯಲ್ಲಿ ದಿನಾ ಮಧ್ಯಾಹ್ನ ಎರಡೂವರೆಗೆ ಮ್ಯಾಟಿನಿ, ಭಾನುವಾರ ಫಸ್ಟ್ ಶೋ ಬೇರೆ. ಪಕ್ಕದ ಮನೆಯ ಅಜ್ಜಿಯರಿಬ್ಬರು, ಹಾಲಿನ ಡೈರಿಯ ಹುಡುಗ ಖಾಯಂ ಗಿರಾಕಿಗಳು. ಅಪ್ಪ ರಿಮೋಟನ್ನು ಯಾರ ಕೈಗೂ ಕೊಡುವುದಿಲ್ಲ. ಪಿಕ್ಚರ್ ನಡುವೆ ಇಂಟರ್‌ವಲ್ ಬೇಕೇ ಬೇಕು ಅಂತ ತಾವೇ ಪಾಸ್ ಒತ್ತಿ ಲೈಟ್ ಹಾಕ್ತಾರಂತೆ. ಹೋದ ವಾರ ರಾತ್ರಿ ಒಂಬತ್ತಕ್ಕೆ ಫೋನು ಮಾಡಿದ್ದರು, ಅವ್ವನ ಕೈಯಲ್ಲಿ ಮಾಡಿಸಿದ್ದಲ್ಲ, ತಾವೇ.

‘ಲೋ, ಭೂತಯ್ಯನ ಮಗ ಅಯ್ಯು ಎರಡನೇ ಸಿಡಿ ಗೀಚು ಬಿದ್ದಿದೆ. ಪ್ರವಾಹದ ಸೀನ್ ಹತ್ರ ಬಂದು ನಿಂತುಹೋಗ್ತದೆ. ಜನ ಸೀಟಿ ಹೊಡೀತಾರೆ. ಬೆಂಗಳೂರಲ್ಲಿ ಸಿಗುತ್ತಾ ನೋಡು.’

ಎರಡು ಭಾನುವಾರ ಸಂಡೆ ಬಜಾರ್ ಸುತ್ತಿದೆ, ಸಿಗಲಿಲ್ಲ. ಮಿತ್ರರೇ, 1974ರ ಆ ಚಿತ್ರದ ಕಂಪನಿ ವೀಸೀಡಿ, ಎರಡನೇ ತಟ್ಟೆ ಗೀಚಿಲ್ಲದ್ದು, ನಿಮ್ಮಲ್ಲಿ ಯಾರ ಹತ್ತಿರವಾದರೂ ಇದ್ದರೆ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಹಾಕಿ. ಕೇಳಿದ ಬೆಲೆ ಕೊಡ್ತೀನಿ, ಬಸ್ ಚಾರ್ಜೂ ನನ್ನದೇ.